ಗಂಡಿನ ಉಂಗುರಕ್ಕೆ ಎಷ್ಟು ಅಗಲ

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಪರಗಂಡಸರ ಬೆರಳು ಹಿಡಿದು ಸಂಸಾರ ನಡೆಸಿದೆ. ಹೀಗೆ ಹೇಳಿದರೆ ನಮ್ಮ ಮನೆಯವರು ಈಗಲೂ ಪೇಪರಿನಿಂದ ತಲೆಯೆತ್ತಿ ನನ್ನನ್ನು ನೋಡುತ್ತಾರೆ. ಆದರೆ ನನ್ನ ಕೆಲಸವನ್ನು ಇದಕ್ಕಿಂತ ನೇರವಾಗಿ ಹೇಳಲು ನನಗೆ ಬರುವುದಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರ ಒಂದು ಚಿನ್ನದ ಅಂಗಡಿ. ಅಲ್ಲಿ ಮದುವೆ ಗಂಡುಗಳಿಗೆ ಉಂಗುರ ತೋರಿಸುವುದು, ಬೆರಳಿನ ಅಳತೆ ತೆಗೆಯುವುದು, ಅಗಲ ಎಷ್ಟಿರಬೇಕೆಂದು ಬಂದವರೆಲ್ಲ ಒಪ್ಪುವಂತೆ ಮಾಡುವುದು ನನ್ನ ಕೆಲಸವಾಗಿತ್ತು.

ನನ್ನ ನಾದಿನಿಯ ಮಗಳು ರಂಜಿತಾ ಈಗ ದೊಡ್ಡ ಶೋರೂಮೊಂದಕ್ಕೆ ಸೇರಿದ್ದಾಳೆ. ಮೊನ್ನೆ ಬಂದವಳು, “ಅತ್ತೆ, ನನ್ನನ್ನ ಗಂಡಸರ ಉಂಗುರದ ಸೆಕ್ಷನ್ನಿಗೆ ಹಾಕಿದಾರೆ. ಟ್ರೈನಿಂಗಲ್ಲಿ ಮಿಲಿಮೀಟರ್ ಲೆಕ್ಕ ಎಲ್ಲಾ ಹೇಳ್ಕೊಟ್ರು. ಆದ್ರೂ ಯಾರಾದ್ರೂ ಎದುರಿಗೆ ಕೂತು, ನನಗ್ಯಾವ್ದು ಚೆನ್ನಾಗಿರುತ್ತೆ ಅಂತ ಕೇಳಿದ್ರೆ ಬಾಯಿಗೆ ಮಾತೇ ಬರಲ್ಲ” ಎಂದಳು. ಅವಳಿಗೂ ಅವಳಂತೆ ಹೊಸದಾಗಿ ಕೌಂಟರಿಗೆ ನಿಲ್ಲುವವರಿಗೂ ಉಪಯೋಗಕ್ಕೆ ಬಂದರೆ ಬರಲಿ ಎಂದು ನೆನಪಿಗೆ ಬಂದಷ್ಟನ್ನು ಬರೆದಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ನ್ಯೂ ಟೌನಿನಲ್ಲಿ. ಮದುವೆಯಾಗಿ ಶಿವಮೊಗ್ಗದ ವಿದ್ಯಾನಗರಕ್ಕೆ ಬಂದೆ. ತೊಂಬತ್ತರ ದಶಕದ ಶುರುವಿನಲ್ಲಿ ಅಂಗಡಿಗೆ ಸೇರಿದಾಗ ನನ್ನನ್ನು ಕೂರಿಸಿದ್ದು ಓಲೆ, ಮೂಗುಬೊಟ್ಟಿನ ಕಡೆ. ಹೆಂಗಸರಿಗೆ ಹೆಂಗಸು ತೋರಿಸಿದರೆ ಒಳ್ಳೆಯದು ಎಂಬುದು ಅಂಗಡಿ ಯಜಮಾನರ ಲೆಕ್ಕಾಚಾರ. ಉಂಗುರದ ಕಡೆ ಕೂರುತ್ತಿದ್ದವರು ಬೇರೆ ಊರಿನಲ್ಲಿ ಸ್ವಂತ ಅಂಗಡಿ ಹಾಕಿಕೊಂಡು ಹೋದರು. ಆಗ ಯಜಮಾನರು ನನ್ನನ್ನು ಕರೆದರು.

“ವಿಮಲಮ್ಮ, ಇವತ್ತಿಂದ ನೀವು ಉಂಗುರದ ಕಡೆ ಕೂತ್ಕೊಳ್ಳಿ. ಗಂಡು ಸುಮ್ನಿರ್ತಾನೆ, ಜೊತೇಲಿ ಬಂದೋರು ಮಾತಾಡ್ತಾರೆ. ನೀವು ಗಂಡಿನ ಬೆರಳು ನೋಡಿ, ಬಂದೋರ ಬಾಯಿ ನೋಡ್ಬೇಡಿ” ಎಂದರು. ನನಗೆ ಸಿಕ್ಕ ಟ್ರೈನಿಂಗ್ ಅಷ್ಟೇ.

ಮೊದಲ ದಿನವೇ ಒಬ್ಬ ಹುಡುಗ ನಾನು ಕೈ ಚಾಚಿದ್ದನ್ನು ನೋಡಿ ತನ್ನ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡ. ಆಗಿನ್ನೂ ನಮ್ಮಲ್ಲಿ ಬಿಳಿ ಗಾದಿಯ ಮೇಲೆ ಕೂತೇ ವ್ಯಾಪಾರ. ಅವನ ತಾಯಿ ಮೊಣಕೈಯಿಂದ ತಿವಿದು, “ಕೊಡೋ ಮಾರಾಯ, ನಿನ್ನ ಬೆರಳನ್ನೇನು ಕಿತ್ಕೊಂಡು ಹೋಗ್ತಾರಾ ಅವ್ರು” ಎಂದರು. ಅವನು ಇಂಜೆಕ್ಷನ್ನಿಗೆ ಕೊಡುವವನಂತೆ ಮುಖ ಆ ಕಡೆ ತಿರುಗಿಸಿ ಕೈ ಕೊಟ್ಟ. ಬೆರಳು ಬೆವೆತು ತಣ್ಣಗಾಗಿತ್ತು. ನನ್ನದೂ ಹಾಗೇ ಇತ್ತು.

ಅಗಲದ ವಿಷಯ ಕಲಿಸಿದವರು ಗಣಪತಿ ಆಚಾರ್. ಅಂಗಡಿಯ ಹಿಂದಿನ ಸಣ್ಣ ಕೋಣೆಯಲ್ಲಿ ಕೂತು ಉಂಗುರ ಮಾಡುತ್ತಿದ್ದ ಅಕ್ಕಸಾಲಿ ಅವರು. ಮಾತು ಕಡಿಮೆ. ಒಂದು ಮಧ್ಯಾಹ್ನ ಊಟವಾದ ಮೇಲೆ ನನ್ನನ್ನು ಕರೆದು, ಒಂದು ತುಂಡು ಹಿಟ್ಟಿನ ಮುದ್ದೆಯನ್ನು ಮಣೆಯ ಮೇಲೆ ಉದ್ದಕ್ಕೆ ಹೊಸೆದು ತೋರಿಸಿದರು. ಆಮೇಲೆ ಅದನ್ನೇ ತಟ್ಟಿ ಅಗಲ ಮಾಡಿದರು.

“ಹಿಟ್ಟು ಅಷ್ಟೇ ಇದೆ, ನೋಡಿದ್ರಾ? ಹೆಣ್ಣಿನ ಕಡೆಯೋರು ತೂಕನ ಮನೇಲೇ ಮಾತಾಡ್ಕೊಂಡು ಬಂದಿರ್ತಾರೆ. ಅದು ನಮ್ಮ ಕೈಲಿಲ್ಲ. ಆ ತೂಕದಲ್ಲೇ ಅಗಲ ಮಾಡಿದ್ರೆ ತಗಡು ತೆಳ್ಳಗಾಗುತ್ತೆ, ಬಸ್ಸಿನ ಕಂಬಿ ಗಟ್ಟಿಯಾಗಿ ಹಿಡಿದ್ರೆ ಸೊಟ್ಟ ಆಗುತ್ತೆ. ಸಣ್ಣದು ಮಾಡಿದ್ರೆ ಗಟ್ಟಿ ಇರುತ್ತೆ, ಆದ್ರೆ ಬೀಗರು ‘ಇಷ್ಟೇನಾ ಹಾಕಿದ್ದು’ ಅಂತಾರೆ. ಇವೆರಡರ ಮಧ್ಯೆ ಎಲ್ಲಿ ನಿಲ್ಲಿಸ್ಬೇಕು ಅನ್ನೋದೇ ನಿಮ್ಮ ಕೆಲಸ.”

ಆಚಾರ್ ಹೇಳಿಕೊಟ್ಟಂತೆ ನಾನು ಕಾಗದವನ್ನು ಬೇರೆ ಬೇರೆ ಅಗಲದ ಪಟ್ಟಿಗಳಾಗಿ ಕತ್ತರಿಸಿ ಇಟ್ಟುಕೊಂಡೆ. ಚಿನ್ನ ತೋರಿಸುವ ಮೊದಲು ಆ ಪಟ್ಟಿಯನ್ನು ಗಂಡಿನ ಬೆರಳಿಗೆ ಸುತ್ತಿ, “ಮುಷ್ಟಿ ಕಟ್ಟಿ” ಎನ್ನುತ್ತಿದ್ದೆ. ಅಗಲ ಜಾಸ್ತಿಯಾದರೆ ಕಾಗದ ಬೆರಳಿನ ಸಂದಿಯಲ್ಲಿ ಮಡಿಸಿಕೊಳ್ಳುತ್ತದೆ. ಕಾಗದ ಮಡಿಸಿಕೊಂಡ ಜಾಗದಲ್ಲಿ ಚಿನ್ನ ಚುಚ್ಚುತ್ತದೆ. ಗಿಡ್ಡ ಬೆರಳಿಗೆ ಅಗಲದ ಪಟ್ಟಿ ಹಾಕಿದರೆ ಬೆರಳು ಇನ್ನೂ ಗಿಡ್ಡವಾಗಿ ಕಾಣುತ್ತದೆ. ಉದ್ದನೆಯ, ಗೆಣ್ಣು ದಪ್ಪಗಿರುವ ಬೆರಳಿಗೆ ತೀರಾ ಸಣ್ಣದು ಹಾಕಿದರೆ ದಾರ ಕಟ್ಟಿದ ಹಾಗಿರುತ್ತದೆ. ಇದನ್ನೆಲ್ಲ ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಕಾಗದ ಸುತ್ತಿ ಬೆಳಕಿಗೆ ಹಿಡಿದರೆ ಗಂಡಿನ ಸೋದರತ್ತೆ ಕೂಡ ಸುಮ್ಮನಾಗುತ್ತಿದ್ದರು.

ನಮ್ಮ ಅಂಗಡಿ ಯಜಮಾನರ ಬಗ್ಗೆ ಒಂದು ಹೇಳಬೇಕು. ಅವರಿಗೆ ತಮ್ಮ ಕಣ್ಣಳತೆಯ ಮೇಲೆ ಬಹಳ ನಂಬಿಕೆ. ತಮಗೆ ಬೇಕಾದವರ ಮನೆಯ ಮದುವೆಯಾದರೆ ನನ್ನನ್ನು ಸರಿಸಿ ತಾವೇ ಕೂತುಬಿಡುತ್ತಿದ್ದರು. ಹಾಗೆ ಒಮ್ಮೆ ಭದ್ರಾವತಿಯ ಅವರ ಸ್ನೇಹಿತರ ಮಗಳ ಮದುವೆಗೆ ಗಂಡಿನ ಅಳತೆ ತಾವೇ ತೆಗೆದರು. ಆಗ ಅಂಗಡಿಯಲ್ಲಿದ್ದ, ಬೆರಳಿಗೆ ತೊಡಿಸಿ ನೋಡುವ ಅಳತೆಯ ಬಳೆಗಳೆಲ್ಲ ತಂತಿಯಂತೆ ಸಣ್ಣವು. ಸಣ್ಣ ಬಳೆಯಲ್ಲಿ ಸರಿಹೋದ ಅಳತೆಯಲ್ಲೇ ಅಗಲದ ಉಂಗುರ ಮಾಡಿದರೆ ಅದು ಬಿಗಿಯಾಗುತ್ತದೆ. ಸ್ವಲ್ಪ ಸಡಿಲ ಬಿಡಬೇಕು. ಆಚಾರ್ ಹೇಳಲು ಬಂದರು. “ನನಗೆ ಗೊತ್ತಿಲ್ವಾ ಆಚಾರ್ರೇ” ಎಂದು ಯಜಮಾನರು ಅವರನ್ನು ಒಳಗೆ ಕಳಿಸಿದರು.

ಮದುವೆಯ ದಿನ ಹತ್ತು ಗಂಟೆಗೆ ಕಲ್ಯಾಣ ಮಂಟಪದಿಂದ ಅಂಗಡಿಗೆ ಫೋನ್ ಬಂತು. ಮಾವನವರು ಪ್ರೀತಿಯಿಂದ ಒತ್ತಿ ಉಂಗುರ ತೊಡಿಸಿದ್ದರು. ಒಳಗೆ ಹೋದ ಉಂಗುರ ಅಲ್ಲೇ ಕೂತು, ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಸೋಪು, ತುಪ್ಪ, ಎಣ್ಣೆ ಎಲ್ಲ ಆಗಿತ್ತಂತೆ. ಯಜಮಾನರು ಆಚಾರ್‌ರನ್ನೂ ನನ್ನನ್ನೂ ತಮ್ಮ ಅಂಬಾಸಿಡರಿನಲ್ಲಿ ಕೂರಿಸಿಕೊಂಡು ಹೊರಟರು. ಆಚಾರ್ ಮಡಿಲಲ್ಲಿ ಸಣ್ಣ ಗರಗಸದ ಪೆಟ್ಟಿಗೆ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು.

ಗರಗಸ ನೋಡಿ ಹೆಣ್ಣಿನ ಅಜ್ಜಿ ಅಳಲು ಶುರುಮಾಡಿದರು. ಮುಹೂರ್ತದ ದಿನ ಉಂಗುರ ಕತ್ತರಿಸುವುದು ಅಪಶಕುನ ಎಂದರು. ಆಚಾರ್ ಗರಗಸವನ್ನು ಪಕ್ಕಕ್ಕಿಟ್ಟು, ಹೂಮಾಲೆ ಕಟ್ಟುವವರ ಹತ್ತಿರ ಒಂದು ಉದ್ದ ದಾರ ಕೇಳಿದರು. ದಾರದ ತುದಿಯನ್ನು ಉಂಗುರದ ಕೆಳಗೆ ತೂರಿಸಿ, ಗೆಣ್ಣಿನವರೆಗೆ ಒತ್ತೊತ್ತಾಗಿ ಸುತ್ತಿ, ಆ ತುದಿಯಿಂದ ನಿಧಾನವಾಗಿ ಬಿಚ್ಚುತ್ತ ಬಂದರು. ಒಂದೊಂದು ಸುತ್ತು ಬಿಚ್ಚಿದಂತೆ ಉಂಗುರ ಒಂದೊಂದು ಸುತ್ತು ಮುಂದಕ್ಕೆ ಬಂತು. ಗಂಡು ಹಲ್ಲು ಕಚ್ಚಿಕೊಂಡು ಕೂತಿದ್ದವನು ಕೊನೆಗೆ ಉಸಿರು ಬಿಟ್ಟು, “ತಾಳಿ ಕಟ್ಟೋಕೆ ಬೆರಳಿದೆಯಲ್ಲ, ಸಾಕು ಬಿಡಿ” ಎಂದ. ಅಳುತ್ತಿದ್ದ ಅಜ್ಜಿಯೇ ಮೊದಲು ನಕ್ಕರು.

ಆಮೇಲಿನ ವಾರ ನನ್ನ ಉಂಗುರದ ಪೆಟ್ಟಿಗೆಯ ಪಕ್ಕ ಹಿತ್ತಾಳೆಯ ಹೊಸ ಅಳತೆ ಬಳೆಗಳ ಗೊಂಚಲೊಂದು ಬಂದಿತ್ತು. ಎಲ್ಲವೂ ಅಗಲದವು. ಸಣ್ಣ ಉಂಗುರಕ್ಕೆ ಸಣ್ಣ ಬಳೆಯಲ್ಲಿ, ಅಗಲದ ಉಂಗುರಕ್ಕೆ ಅಗಲದ ಬಳೆಯಲ್ಲಿ ಅಳತೆ ತೆಗೆಯುವುದು ನಮ್ಮ ಅಂಗಡಿಯಲ್ಲಿ ಶುರುವಾದದ್ದು ಹಾಗೆ. ಯಜಮಾನರು ಮತ್ತೆ ಯಾವತ್ತೂ ನನ್ನ ಜಾಗದಲ್ಲಿ ಕೂರಲಿಲ್ಲ.

ಅಡಿಕೆ ಮಂಡಿಯವರ ಮನೆಯ ಗಂಡುಗಳು ಅಗಲದ್ದೇ ಕೇಳುತ್ತಿದ್ದರು. ಅಂಥ ಒಬ್ಬರು ನಾನು ಎಷ್ಟು ಹೇಳಿದರೂ ಕೇಳದೆ ಇದ್ದುದರಲ್ಲೇ ಅಗಲವಾದದ್ದನ್ನು ಆರಿಸಿಕೊಂಡು ಹೋದರು. ಮದುವೆಯಾಗಿ ಸ್ವಲ್ಪ ದಿನಕ್ಕೆ ಹೆಂಡತಿಯ ಜೊತೆ ಬಂದರು. ಊಟ ಮಾಡುವಾಗ ಅನ್ನ ಒಳಗೆ ಸೇರಿಕೊಳ್ಳುತ್ತದೆ, ಕೈ ತೊಳೆದ ನೀರು ಒಣಗದೆ ಚರ್ಮ ಬೆಳ್ಳಗಾಗಿದೆ ಎಂದು ತೋರಿಸಿದರು. “ಇವ್ರು ಊಟಕ್ಕೆ ಕೂತಾಗೆಲ್ಲ ಉಂಗುರ ಬಿಚ್ಚಿ ನನ್ನ ಕೈಗೆ ಕೊಡ್ತಾರೆ ಅಕ್ಕ, ನಾನು ಬಡಿಸ್ಲಾ, ಕಾವಲು ಕೂರ್ಲಾ?” ಎಂದಳು ಆ ಹುಡುಗಿ. ಅದನ್ನು ಕರಗಿಸಿ ಅರ್ಧ ಅಗಲಕ್ಕೆ ಇಳಿಸಿದೆವು. ಅಂದಿನಿಂದ ನಾನು ಗಂಡುಗಳನ್ನು ಒಂದು ಪ್ರಶ್ನೆ ತಪ್ಪದೆ ಕೇಳತೊಡಗಿದೆ: ದಿನಾ ಈ ಕೈಯಲ್ಲಿ ಏನು ಕೆಲಸ ಮಾಡ್ತೀರಿ? ರಂಜಿತಾ, ಈ ಪ್ರಶ್ನೆಯನ್ನು ಮಾತ್ರ ನೀನು ಬಿಡಬೇಡ. ಬೇರೆಲ್ಲ ಮಿಷಿನ್ ನೋಡಿಕೊಳ್ಳುತ್ತದೆ.

ಆಮೇಲೆ ಕಾಲ ಬದಲಾಯಿತು. ಗಾದಿ ಹೋಗಿ ಗಾಜಿನ ಕೌಂಟರ್ ಬಂತು. ತಮಿಳುನಾಡು, ಕೇರಳದ ಕಡೆಯಿಂದ ಮಿಷಿನ್‌ನಲ್ಲಿ ಮಾಡಿದ ಉಂಗುರಗಳು ಟ್ರೇ ಟ್ರೇ ಬಂದವು. ಗಂಡು ಹೆಣ್ಣಿಗೆ ಒಂದೇ ಥರದ ಜೋಡಿ ಉಂಗುರ ಎಂಬುದು ಶುರುವಾಯಿತು. ಹಿಂದೆ ಗಂಡಿನ ಪರವಾಗಿ ಮನೆಮಂದಿಯೆಲ್ಲ ಮಾತಾಡುತ್ತಿದ್ದರು, ಈಗ ಹುಡುಗ ಹುಡುಗಿ ಇಬ್ಬರೇ ಬಂದು ಕಿವಿಯಲ್ಲಿ ಪಿಸುಗುಟ್ಟಿಕೊಂಡು ಆರಿಸತೊಡಗಿದರು. ನನಗೆ ಅದು ಇಷ್ಟವಾಯಿತು. ಆಚಾರ್ ಕೋಣೆಯ ಸುತ್ತಿಗೆ ಸದ್ದು ಕಡಿಮೆಯಾದದ್ದು ಮಾತ್ರ ಇಷ್ಟವಾಗಲಿಲ್ಲ. ಎಷ್ಟೋ ಮಧ್ಯಾಹ್ನ ಅವರು ಕೆಲಸವಿಲ್ಲದೆ ಕುಲುಮೆಯ ಎದುರು ಸುಮ್ಮನೆ ಕೂತಿರುತ್ತಿದ್ದರು. ನಾನು ಏನಾದರೂ ನೆಪ ಮಾಡಿಕೊಂಡು ಟೀ ತೆಗೆದುಕೊಂಡು ಹೋಗುತ್ತಿದ್ದೆ.

ಅಂಥ ದಿನಗಳಲ್ಲೇ ಮುರುಗೇಶ್ ಬಂದದ್ದು.

ಎರಡು ಸಾವಿರದ ಇಸವಿ ದಾಟಿತ್ತು. ಬೆಳಗ್ಗೆ ಅಂಗಡಿ ತೆರೆದ ಸ್ವಲ್ಪ ಹೊತ್ತಿಗೆ ನಾಲ್ಕು ಜನ ಬಂದರು. ಮದುವೆ ಗಂಡು ಮುರುಗೇಶ್ ಮತ್ತು ಅವನ ತಾಯಿ ಭದ್ರಾವತಿಯವರು, ಮನೆಮಾತು ತಮಿಳು. ಹೆಣ್ಣು ಗಿರಿಜಾ ಮತ್ತು ಅವಳ ತಂದೆ ಹಾಲಪ್ಪ ಮಲವಗೊಪ್ಪದವರು. ಹಾಲಪ್ಪ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು, ಗಿರಿಜಾ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಮುರುಗೇಶ್ ಬಲಗೈಗೆ ಕರ್ಚೀಫ್ ಸುತ್ತಿಕೊಂಡಿದ್ದ. ಗಾಯವಾಗಿರಬೇಕು ಅಂದುಕೊಂಡೆ.

“ಎಡಗೈಗೆ ಅಳತೆ ತಗೊಳ್ಳಿಮ್ಮಾ. ನಮ್ಮ ಕಡೆ ಹಂಗೂ ನಡಿಯುತ್ತೆ” ಎಂದರು ಅವನ ತಾಯಿ.

ನಾನು ಎಡಗೈ ಹಿಡಿದುಕೊಂಡೆ. ಆಗ ಗಿರಿಜಾ, “ಬಲಗೈ ಅಳತೆ ತಗೊಳ್ಳಿ ಅಕ್ಕ” ಎಂದಳು.

ಹಾಲಪ್ಪ ತಮ್ಮ ಟವೆಲ್ಲು ಸರಿಮಾಡಿಕೊಂಡರು. ಕೊನೆಗೆ ಮುರುಗೇಶನ ತಾಯಿ ತಗ್ಗಿದ ದನಿಯಲ್ಲಿ ಹೇಳಿದರು. ಅವನು ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಮೇಲೆ ಕೆಲಸ ಮಾಡುತ್ತಿದ್ದ. ಕೈಗವಸು ಸಿಕ್ಕಿಕೊಂಡು ಉಂಗುರದ ಬೆರಳಿನ ಮೇಲಿನ ಎರಡು ಗೆಣ್ಣು ಹೋಗಿತ್ತು. ಈಗ ಅದೇ ವರ್ಕ್‌ಶಾಪಿನಲ್ಲಿ ಸಾಮಾನು ಕೊಡುವ ಕೆಲಸ ನೋಡಿಕೊಳ್ಳುತ್ತಾನೆ. “ಇವ್ರಿಗೆಲ್ಲಾ ಗೊತ್ತಿದೆ, ಮುಚ್ಚಿಟ್ಟಿಲ್ಲ. ಆದ್ರೆ ಮದುವೆಗೆ ಬಂದ ಜನ ಏನಂತಾರೆ? ಹೆಣ್ಣಿನ ಸೋದರಮಾವ ಒಬ್ರು ಆಗ್ಲೇ ಗಂಡು ಊನ ಅಂತ ಮಾತು ಎತ್ತಿದಾರೆ. ಅದಕ್ಕೆ ಎಡಗೈ ಅಂದೆ.”

ಮುರುಗೇಶ್ ಯಾರನ್ನೂ ನೋಡದೆ ಕರ್ಚೀಫ್ ಬಿಚ್ಚಿ ಕೈಯನ್ನು ಕೌಂಟರಿನ ಮೇಲಿಟ್ಟ. ಬೆರಳಿನ ಬುಡದ ಭಾಗ ಮಾತ್ರ ಉಳಿದಿತ್ತು. ಗಾಯ ಮಾಗಿ ತುದಿ ಗುಂಡಗಾಗಿತ್ತು. ಗಿಡ್ಡ ಬೆರಳಿಗೆ ಸಣ್ಣ ಉಂಗುರ ಎಂಬುದು ಅಷ್ಟು ವರ್ಷದಿಂದ ನನ್ನ ಕೈಗೆ ಅಭ್ಯಾಸವಾಗಿಹೋಗಿತ್ತು. ಟ್ರೇಯಿಂದ ಒಂದು ಸಣ್ಣ, ಚಂದದ ಉಂಗುರ ತೆಗೆದು ತೊಡಿಸಿದೆ. ಚೆನ್ನಾಗಿಯೇ ಕಂಡಿತು. ಅವನ ತಾಯಿಯ ಮುಖ ಸ್ವಲ್ಪ ಅರಳಿತು. ಅವನು ಕೈ ಕೆಳಗಿಳಿಸಿದ. ತಡೆಯಲು ಗೆಣ್ಣೇ ಇರಲಿಲ್ಲವಲ್ಲ, ಉಂಗುರ ಜಾರಿ ನೆಲಕ್ಕೆ ಬಿದ್ದು ಉರುಳಿಕೊಂಡು ಕುರ್ಚಿಗಳ ಕೆಳಗೆ ಹೋಯಿತು.

ನಾವೆಲ್ಲ ಬಗ್ಗಿ ಹುಡುಕಿದೆವು. ಬೇರೆ ಗಿರಾಕಿಗಳೂ ಬಗ್ಗಿದರು. ಏನಾಯಿತೆಂದು ಕೇಳಿದರು, ಅವನ ಕೈ ನೋಡಿದರು. ಹಾಲಪ್ಪನವರಿಗೆ ಉಂಗುರ ಸಿಕ್ಕಿ ಅವರು ಎದ್ದು ನಿಲ್ಲುವಷ್ಟರಲ್ಲಿ ಮುರುಗೇಶ್ ಮತ್ತೆ ಕರ್ಚೀಫ್ ಸುತ್ತಿಕೊಂಡಿದ್ದ.

“ಎಡಗೈಗೇ ಕೊಡಿ. ಇಲ್ದಿದ್ರೆ ಉಂಗುರಾನೇ ಬೇಡ. ಮದುವೇನೂ ಬೇಡ ಅಂದ್ರೆ ಅದನ್ನೂ ಈಗ್ಲೇ ಹೇಳ್ಬಿಡಿ” ಎಂದು ಬಾಗಿಲು ತಳ್ಳಿಕೊಂಡು ಹೊರಗೆ ಹೋದ.

“ಕಣ್ಣು, ನಿಲ್ಲು ಕಣ್ಣು” ಎಂದು ತಮಿಳರ ಮುದ್ದಿನ ಮಾತಿನಲ್ಲಿ ಕರೆಯುತ್ತ ತಾಯಿ ಏಳಹೋದರು. ಗಿರಿಜಾ ಅವರ ಭುಜ ಮುಟ್ಟಿ ಕೂರಿಸಿ ತಾನು ಹೋದಳು. ಎದುರಿನ ಕಬ್ಬಿನ ಹಾಲಿನ ಗಾಡಿಯ ಹತ್ತಿರ ಅವರಿಬ್ಬರೂ ನಿಂತದ್ದು ಗಾಜಿನಿಂದ ಕಾಣುತ್ತಿತ್ತು. ಅವನು ರಸ್ತೆ ನೋಡುತ್ತಿದ್ದ, ಇವಳು ಅವನನ್ನು ನೋಡುತ್ತ ಮಾತಾಡುತ್ತಿದ್ದಳು. ಹಾಲಪ್ಪ ನನ್ನ ಕಡೆ ತಿರುಗಿ, “ಒಳ್ಳೆ ಹುಡುಗ ಮೇಡಮ್ಮೋರೆ. ನಮ್ಮ ಹುಡುಗಿ ನೋಡಿ ಒಪ್ಪಿದಾಳೆ. ಆದ್ರೆ ಅವನು ಹಿಂಗೇ ಕುಗ್ಗಿ ಕುಗ್ಗಿ ಇದ್ರೆ ಇವಳ ಗತಿ ಏನು ಅಂತ ನನಗೂ ಒಳಗೊಳಗೆ ಭಯ” ಎಂದರು. ನಾನು ಎದ್ದು ಆಚಾರ್ ಕೋಣೆಗೆ ಹೋದೆ.

ನಾನು ಆಚಾರ್‌ರನ್ನು ಕರೆದುಕೊಂಡು ಬರುವಷ್ಟರಲ್ಲಿ ಮುರುಗೇಶ್, ಗಿರಿಜಾ ಇಬ್ಬರೂ ಒಳಗೆ ಬಂದು ಕೂತಿದ್ದರು. ಕರ್ಚೀಫ್ ಗಿರಿಜಾಳ ಕೈಯಲ್ಲಿತ್ತು.

ಆಚಾರ್ ಮುರುಗೇಶನ ಕೈಯನ್ನು ತಮ್ಮ ಅಂಗೈ ಮೇಲಿಟ್ಟುಕೊಂಡರು. “ಈಗ ನೋವಿದ್ಯಾ?” ಎಂದು ಕೇಳಿದರು.

“ಚಳಿಗೆ ಜುಂ ಅನ್ನುತ್ತೆ. ಒಂದೊಂದ್ಸಲ ಇಲ್ದಿರೋ ಬೆರಳೇ ನೋಯುತ್ತೆ.”

“ಲೇತಲ್ಲಿ ಏನು ಮಾಡ್ತಿದ್ದೆ?”

“ಬುಷ್ಷು, ಶಾಫ್ಟು. ಕೂದಲೆಳೆ ವ್ಯತ್ಯಾಸ ಬಂದ್ರೂ ವಾಪಸ್ ಬರೋ ಕೆಲಸ.”

“ಹಂಗಾದ್ರೆ ನಾನು ಹೇಳೋದು ನಿನಗೆ ಬೇಗ ಗೊತ್ತಾಗುತ್ತೆ” ಎಂದು ಆಚಾರ್ ಕೂತರು. ಸಣ್ಣ ಉಂಗುರಕ್ಕೆ ಹಿಡಿತ ಸಿಗುವುದಿಲ್ಲ, ಇಲ್ಲಿ ಅಗಲದ್ದೇ ಬೇಕು, ಎಷ್ಟು ಅಗಲವೋ ಅಷ್ಟು ಹಿಡಿತ ಎಂದರು. ಮುರುಗೇಶ್ ತಲೆಯೆತ್ತಿ, “ತುದಿ ಕಡೆ ಸ್ವಲ್ಪ ಟೇಪರ್ ಕೊಟ್ಟು ಕಿರಿದು ಮಾಡಿದ್ರೆ?” ಎಂದ. ಆಚಾರ್ ಅವನ ಮುಖ ನೋಡಿದರು. ಆಮೇಲೆ ಅವರಿಬ್ಬರೂ ಒಂದೇ ಕಸುಬಿನವರಂತೆ ಮಾತಾಡಿಕೊಂಡರು. ತುದಿಯ ಕಡೆ ಒಂಚೂರು ಬಿಗಿ ಇರಲಿ, ಮಾಂಸ ಮೆತ್ತಗಿದೆ, ಒತ್ತಿದರೆ ಒಳಗೆ ಹೋಗುತ್ತದೆ, ತಾನಾಗಿ ಹೊರಗೆ ಬರುವುದಿಲ್ಲ. ಅಗಲ ಮಾಡಿದಾಗ ತಗಡು ತೆಳ್ಳಗಾದರೂ ಎರಡೂ ಅಂಚು ಒಳಕ್ಕೆ ಮಡಿಸಿದರೆ ಗಟ್ಟಿಯಾಗುತ್ತದೆ.

ಅಗಲ ಎಷ್ಟೆಂಬುದು ಉಳಿಯಿತು. ನಾನು ಕಾಗದದ ಪಟ್ಟಿ ತೆಗೆದೆ. ತೀರಾ ಅಗಲದ್ದು ಸುತ್ತಿದಾಗ ಬೆರಳೇ ಮುಚ್ಚಿಹೋಗಿ ಬರೀ ಪಟ್ಟಿ ಕಂಡಿತು. ಗಿರಿಜಾ ಬೇಡವೆಂದು ತಲೆಯಾಡಿಸಿದಳು. ಅದಕ್ಕಿಂತ ಸ್ವಲ್ಪ ಕಡಿಮೆಯದು ಸುತ್ತಿದೆ. ಇನ್ನೂ ಸ್ವಲ್ಪ ಕತ್ತರಿಸಿದೆ. ಪಟ್ಟಿಯ ಮೇಲೆ ಬೆರಳಿನ ತುದಿ ಒಂದಿಷ್ಟು ಕಾಣುವಂತಾದಾಗ ಅವಳು, “ಸಾಕು ಅಕ್ಕ, ಇಷ್ಟು ಕಾಣ್ಲಿ” ಎಂದಳು. ಮುರುಗೇಶ್ ಮುಷ್ಟಿ ಕಟ್ಟಿ ಬಿಚ್ಚಿ ನೋಡಿದ. ಕಾಗದ ಮಡಿಸಿಕೊಳ್ಳಲಿಲ್ಲ.

ಆಚಾರ್ ಮೊದಲು ಅದೇ ಅಳತೆಗೆ ಹಿತ್ತಾಳೆಯಲ್ಲಿ ಒಂದು ಮಾಡಿ ಅವನಿಗೆ ಕೊಟ್ಟರು. ಸ್ನಾನ, ಊಟ, ಕೆಲಸ ಎಲ್ಲದಕ್ಕೂ ಹಾಕಿಕೊಂಡಿದ್ದು ಮತ್ತೆ ಬಾ ಎಂದರು. ಮುಂದಿನ ವಾರ ಅವನೊಬ್ಬನೇ ಬಂದ. ಸೈಕಲ್ ಹ್ಯಾಂಡಲ್ ಹಿಡಿದಾಗ ಕೆಳಗಿನ ಅಂಚು ಒಂಚೂರು ಒತ್ತುತ್ತದೆ ಎಂದು ತೋರಿಸಿದ. ಆಚಾರ್ ಅಂಗೈ ಕಡೆಯ ಭಾಗವನ್ನು ಸ್ವಲ್ಪ ಕಿರಿದು ಮಾಡಿ ಚಿನ್ನದ್ದು ಮಾಡಿದರು. ಆ ದಿನಗಳಲ್ಲಿ ಅವರ ಸುತ್ತಿಗೆ ಸದ್ದು ಕೇಳಿ ನನಗೆ ಹಿತವಾಗುತ್ತಿತ್ತು.

ಉಂಗುರ ತೆಗೆದುಕೊಂಡು ಹೋಗಲು ಗಿರಿಜಾ ತಂದೆಯ ಜೊತೆ ಬಂದಾಗ ನಾನು ಕೇಳಿಯೇಬಿಟ್ಟೆ. “ಅವತ್ತು ಹೊರಗೆ ನಿಂತು ಏನು ಹೇಳಿದ್ಯಮ್ಮಾ?”

ಅವಳು ಸ್ವಲ್ಪ ನಾಚಿಕೊಂಡಳು. “ಏನಿಲ್ಲ ಅಕ್ಕ. ಮಾತಾಡೋ ಜನ ಮದುವೆ ದಿನವೇ ನೋಡಿ ಮಾತಾಡಿ ಮುಗಿಸ್ಲಿ, ಆಮೇಲೆ ನಾವು ಆರಾಮಾಗಿರಬಹುದು ಅಂದೆ. ಇಲ್ಲಾಂದ್ರೆ ಜೀವಮಾನ ಪೂರ್ತಿ ಆ ಕರ್ಚೀಫ್ ಒಗೆಯೋಳು ನಾನೇ ತಾನೆ ಅಂದೆ. ಅದಕ್ಕೆ ನಕ್ಕರು.”

ಮದುವೆಗೆ ನನ್ನನ್ನೂ ಆಚಾರ್‌ರನ್ನೂ ಕರೆದಿದ್ದರು, ಹೋದೆವು. ಧಾರೆಯ ಹೊತ್ತಿಗೆ ಫೋಟೋದವನು, “ಸಾರ್, ಬಲಗೈ ಸ್ವಲ್ಪ ಹಿಂದಕ್ಕಿಡಿ” ಎಂದ. ಒಂದು ಕ್ಷಣ ಮುರುಗೇಶನ ಕೈ ಸರಿದದ್ದನ್ನು ನಾನು ನೋಡಿದೆ. ಹೆಣ್ಣಿನ ಸೋದರಮಾವ ಅಲ್ಲೇ ನಿಂತಿದ್ದರು. ಮುರುಗೇಶ್ ಮತ್ತೆ ಕೈಯನ್ನು ಮುಂದಕ್ಕೇ ತಂದು, “ಇರ್ಲಿ, ಹಿಂಗೇ ಹೊಡೀರಿ” ಎಂದ. ಜನ ನೋಡಿದರು. ಪಿಸುಗುಟ್ಟಿದವರೂ ಇದ್ದರು. ಊಟದ ಪಂಕ್ತಿಗೆ ಕೂತಾಗ ಅದೇ ಜನ ಚಿರೋಟಿ ಗರಿಗರಿ ಇಲ್ಲ ಎಂದು ಮಾತಾಡುತ್ತಿದ್ದರು. ನನ್ನ ಪಕ್ಕ ಕೂತಿದ್ದ ಆಚಾರ್ ತಲೆಯೆತ್ತದೆ ಊಟ ಮಾಡಿದರು. ಆಮೇಲೆ ಬಸ್ ಸ್ಟ್ಯಾಂಡಿಗೆ ನಡೆಯುವಾಗ, “ಇದು ಚೆನ್ನಾಗಾಯ್ತು ವಿಮಲಮ್ಮ” ಎಂದರು. ತಮ್ಮ ಕೆಲಸದ ಬಗ್ಗೆ ಅವರು ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅದಾಗಿ ಸ್ವಲ್ಪ ಕಾಲಕ್ಕೆ ಕಣ್ಣು ಮಂಜಾಗಿ ಅವರು ಕೆಲಸ ಬಿಟ್ಟರು.

ಒಂದೆರಡು ವರ್ಷ ಕಳೆದಿರಬೇಕು. ತವರಿಗೆ ಹೋಗಿದ್ದವಳು ಸಂಜೆ ಭದ್ರಾವತಿ ಬಸ್ ಸ್ಟ್ಯಾಂಡಿನಲ್ಲಿ ಶಿವಮೊಗ್ಗದ ಬಸ್ ಹತ್ತಿದೆ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಬಾಗಿಲ ಹತ್ತಿರವೇ ಬ್ಯಾಗ್ ಅಪ್ಪಿಕೊಂಡು ನಿಂತಿದ್ದೆ. ಬಸ್ಸಿನ ಮಧ್ಯದಿಂದ ಯಾರೋ, “ಮೇಡಂ, ಇಲ್ಲಿ ಬನ್ನಿ, ಸೀಟಿದೆ” ಎಂದು ಜೋರಾಗಿ ಕರೆದರು. ಯಾರೆಂದು ಮೊದಲು ಗೊತ್ತಾಗಲಿಲ್ಲ. ಅಷ್ಟೂ ಜನರ ತಲೆಗಳ ಮೇಲೆ ಒಂದು ಬಲಗೈ ಎದ್ದು ನಿಂತು ನನ್ನನ್ನು ಕರೆಯುತ್ತಿತ್ತು. ನಾಲ್ಕು ಬೆರಳು ಉದ್ದ, ಒಂದು ಗಿಡ್ಡ, ಅದರಲ್ಲಿ ಉಂಗುರ. ಕಂಡಕ್ಟರ್ ಆ ಕೈ ಪಕ್ಕಕ್ಕೆ ಸರಿಸಿ ಟಿಕೆಟ್ ಹರಿದುಕೊಂಡು ಮುಂದೆ ಹೋದ.

ನೂಕಿಕೊಂಡು ಹೋಗಿ ಗಿರಿಜಾಳ ಪಕ್ಕ ಕೂತೆ. ಅವಳ ಮಡಿಲಲ್ಲಿ ಮಗು ನಿದ್ದೆ ಮಾಡಿತ್ತು. ಮುರುಗೇಶ್ ಮೇಲಿನ ಕಂಬಿ ಹಿಡಿದು ನಿಂತು, ವರ್ಕ್‌ಶಾಪಿನಲ್ಲಿ ಹೊಸ ಲೇತ್ ಬಂದಿದೆ, ಈಗ ಹುಡುಗರಿಗೆ ಕೆಲಸ ಕಲಿಸುವುದು ತನ್ನದೇ ಎಂದು ಹೇಳಿದ. ಗಿರಿಜಾ ಬ್ಲೌಸ್ ಹೊಲಿಗೆಯ ರೇಟಿನ ಬಗ್ಗೆ ಮಾತಾಡಿದಳು. ಉಂಗುರದ ಮಾತು ಯಾರೂ ಎತ್ತಲಿಲ್ಲ. ಗಿರಿಜಾಳ ತವರು ಮಲವಗೊಪ್ಪ ಬಂದಾಗ ಅವನು ಮಗುವನ್ನು ಹೆಗಲಿಗೆ ಹಾಕಿಕೊಂಡು, ಬೆನ್ನಿನ ಮೇಲೆ ಬಲಗೈಯನ್ನು ಅಗಲವಾಗಿ ಹರಡಿ ಹಿಡಿದುಕೊಂಡು ಇಳಿದುಹೋದ.